ಮುಚ್ಚಳದ ಸುತ್ತಿನ ಕೆಂಪು

ಬಾಟಲಿಗೆ ಅಂಟಿಸಿದ ಚೀಟಿ ಒದ್ದೆಯಾಗಿ ಕಳಚಿಕೊಳ್ಳಬಹುದಿತ್ತು. ಆಸಿಡ್ ಹನಿ ಹಾಕುವುದನ್ನು ಮರೆತು, ನೀರಿನಲ್ಲಿದ್ದ ಲೋಹವೆಲ್ಲ ಬಾಟಲಿಯ ಗೋಡೆಗೆ ಅಂಟಿ ಕೂರಬಹುದಿತ್ತು. ಮರೆತೆನೋ ಏನೋ ಎಂಬ ಅನುಮಾನದಲ್ಲಿ ಎರಡು ಸಲ ಹಾಕಬಹುದಿತ್ತು. ಬಾವಿಗೆ ಇಳಿಬಿಟ್ಟ ಹಗ್ಗ ತುಂಡಾಗಿ ಬಾಟಲಿ, ಹಗ್ಗ, ಬಗ್ಗಿ ನೋಡುತ್ತಿದ್ದ ನನ್ನ ಕನ್ನಡಕ ಮೂರೂ ಒಟ್ಟಿಗೆ ಗಂಗೆಯ ಪಾಲಾಗಬಹುದಿತ್ತು. ಬಾಟಲಿಗಳ ಪೆಟ್ಟಿಗೆ ಆಟೋದಲ್ಲೇ ಉಳಿದು, ಯಾರದೋ ಸಾಮಾನಿನ ಜೊತೆ ವಿಜಯನಗರಕ್ಕೆ ಹೋಗಬಹುದಿತ್ತು. ಯಂತ್ರದ ಜ್ವಾಲೆ ಢಬ್ಬೆಂದು ಒಳಕ್ಕೆ ನುಗ್ಗಿ, ಕಿಟಕಿಯ ಗಾಜಿನ ಜೊತೆ ನನ್ನ ಹುಬ್ಬನ್ನೂ ಒಯ್ಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಆದರೆ ಅದು ದಿನವೂ ಹೋಗುತ್ತಿದ್ದುದರಿಂದ ಪಟ್ಟಿಗೆ ಸೇರಿಸುವುದು ನ್ಯಾಯವಲ್ಲ. ದಶಮಾಂಶದ ಚುಕ್ಕೆ ಒಂದು ಮನೆ ಆಚೆಗೆ ಕೂರಬಹುದಿತ್ತು. ಟೈಪು ಮಾಡುವವರು ಸೀಸದ ಸಾಲಿನಲ್ಲಿ ಸತುವನ್ನು ಕೂರಿಸಬಹುದಿತ್ತು. ಕೊನೆಗೆ ಎಲ್ಲವೂ ಸರಿಹೋಗಿ, ಸಹಿ ಮಾಡುವ ಹೊತ್ತಿಗೆ ನನ್ನ ಹೆಸರೇ ನನಗೆ ಮರೆತುಹೋಗಬಹುದಿತ್ತು.

ಚಾಮರಾಜಪೇಟೆಯ ಒಂದು ವಠಾರದ ಬಾವಿಯಿಂದ ನೀರು ತರಲು ಹೊರಡುವ ಮುಂಚೆ ಇದಿಷ್ಟನ್ನೂ ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಹಾಗೆ ಬರೆಯುವುದು ನನ್ನ ಚಾಳಿ. ಬರೆದಿಟ್ಟದ್ದು ಆಗುವುದಿಲ್ಲ ಎಂಬ ಮೊಂಡು ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ, ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಪಟ್ಟಿಯಲ್ಲಿಲ್ಲದ್ದು ಒಂದು ಆಯಿತು. ಅದು ಎಷ್ಟು ಸಣ್ಣದೆಂದರೆ, ಹೇಳಲು ಇಷ್ಟುದ್ದ ಬರೆಯಬೇಕಾಗಿದೆ.

ನೀರು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿ, ಚಿಂತೆ ಮಾಡಲು ಮನೆಯಲ್ಲಿ ಇನ್ನಷ್ಟು ಬಿಡುವು ಸಿಗಲಿ ಎಂದು ಅವಧಿಗೆ ಮುಂಚೆಯೇ ಸ್ವಯಂ ನಿವೃತ್ತಿ ಪಡೆದವಳು ನಾನು. ಈಗ ಅದೇ ಕೆಲಸಕ್ಕೆ ಸೇರಿದ ಹುಡುಗಿಯರು ಬಸವನಗುಡಿಯ ನಮ್ಮ ಮನೆಗೆ ಒಮ್ಮೊಮ್ಮೆ ಬರುತ್ತಾರೆ. "ಬಟನ್ ಒತ್ತಿದ್ರೆ ನಂಬರ್ ಬರತ್ತೆ, ಅಲ್ವಾ ಮೇಡಂ?" ಎನ್ನುತ್ತಾರೆ. ಬರುತ್ತದೆ. ಬರುವುದೇ ತೊಂದರೆ. ನೀವು ಏನನ್ನು ಒಳಗೆ ಬಿಟ್ಟರೂ ಅದು ಒಂದು ನಂಬರ್ ಹೇಳಿಯೇ ತೀರುತ್ತದೆ.

ನಾನು ಸೇರಿದಾಗ ನಂಬರ್ ಇರಲಿಲ್ಲ, ಬಣ್ಣ ಇತ್ತು. ಸೀಸವನ್ನು ಹಿಡಿಯಲು ಒಂದು ಹಸಿರು ದ್ರಾವಣ. ಅದನ್ನು ನೀರಿನೊಂದಿಗೆ ಸೇರಿಸಿ ಗಾಜಿನ ಆಲಿಕೆಯಲ್ಲಿ ಕುಲುಕಬೇಕು. ಸೀಸವಿದ್ದರೆ ಹಸಿರು ಮೆಲ್ಲಗೆ ಗುಲಾಬಿಗೆ ತಿರುಗುತ್ತಿತ್ತು. ಎಷ್ಟು ಗುಲಾಬಿ ಎನ್ನುವುದನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೊತ್ತಿದ್ದ ಅಳತೆಯ ಗುಲಾಬಿಗಳ ಪಕ್ಕದಲ್ಲಿಟ್ಟು ಹೇಳಬೇಕು. ನಮ್ಮದು ಹಳೆಯ ಬಂಗಲೆಯ ಮೇಲಂತಸ್ತು. ಕಿಟಕಿಯಾಚೆ ದೊಡ್ಡ ಮಳೆಮರ. ಮಧ್ಯಾಹ್ನ ಅದರ ಎಲೆಗಳ ಹಸಿರು ಒಳಗೆ ಬಂದು ನಮ್ಮ ಕೊಳವೆಗಳ ಮೇಲೆ ಕೂತುಬಿಟ್ಟರೆ ಸೀಸ ಕಡಿಮೆ ಕಾಣುತ್ತಿತ್ತು. ಪರದೆ ಎಳೆಯುತ್ತಿದ್ದೆವು. ಆ ದ್ರಾವಣದಲ್ಲಿದ್ದ ಕ್ಲೋರೋಫಾರ್ಮಿನ ಸಿಹಿ ವಾಸನೆಗೆ ಮೂರು ಗಂಟೆಯ ಹೊತ್ತಿಗೆ ಇಡೀ ಕೋಣೆ ತೂಕಡಿಸುತ್ತಿತ್ತು. ಗುಲಾಬಿ ಕಂಡದ್ದು ಕೊಳವೆಯಲ್ಲೋ ಕನಸಿನಲ್ಲೋ ಎಂದು ನಾನು ಎದ್ದು, ಮುಖ ತೊಳೆದು, ಮತ್ತೆ ನೋಡುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಯಂತ್ರ ಬಂತು. ನೀರನ್ನು ಮಂಜಿನಂತೆ ಮಾಡಿ ಜ್ವಾಲೆಗೆ ಊದುತ್ತದೆ. ಜ್ವಾಲೆಯ ಮೂಲಕ ಒಂದು ದೀಪದ ಬೆಳಕು ಹಾಯುತ್ತದೆ. ಸೀಸಕ್ಕೆ ಸೀಸದ್ದೇ ದೀಪ, ತಾಮ್ರಕ್ಕೆ ತಾಮ್ರದ್ದೇ. ಎಷ್ಟು ಬೆಳಕು ಬಂತು ಎಂದಲ್ಲ, ದಾರಿಯಲ್ಲಿ ಎಷ್ಟು ಕಾಣೆಯಾಯಿತು ಎಂದು ಅದು ನೋಡುತ್ತದೆ. ಕಾಣೆಯಾದದ್ದನ್ನು ಎಣಿಸುವ ಕೆಲಸ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ನೀಲಿ ಜ್ವಾಲೆಯನ್ನು ನೋಡುತ್ತ ಕೂತರೆ ಊರಿನ ಬಾವಿಗಳೆಲ್ಲ ಒಂದೊಂದಾಗಿ ಅದರೊಳಗೆ ಹಾದುಹೋಗುತ್ತಿವೆ ಅನ್ನಿಸುತ್ತಿತ್ತು.

ಯಂತ್ರ ಬಂದ ಹೊಸದರಲ್ಲಿ ಗಾಂಧಿಬಜಾರಿನ ಕಡೆಯ ಒಬ್ಬ ಅಜ್ಜಿಯ ಮನೆಯ ನೀರಿನಲ್ಲಿ ತಾಮ್ರ ಸಿಕ್ಕಾಪಟ್ಟೆ ಬಂತು. ಪೈಪು ಅಗೆಸಲು ಪತ್ರ ಬರೆಯುವುದರಲ್ಲಿದ್ದೆ. ಇನ್ನೊಮ್ಮೆ ನೋಡೋಣವೆಂದು ಹೋದೆ. ಅಜ್ಜಿ ಹೇಳಿದರು: "ಸರ್ಕಾರದೋರು ಬರ್ತಾರೆ ಅಂತ ನಲ್ಲೀಲಿ ಹಿಡೀದೆ ತಾಮ್ರದ ಹಂಡೇಲಿ ತುಂಬಿಸಿಟ್ಟಿದ್ದೆ ಕಣಮ್ಮಾ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳೆಯೋ ಹಾಗೆ ಮಾಡಿದ್ದೆ. ಚೆನ್ನಾಗಿ ಬಂತೇನು?" ಚೆನ್ನಾಗಿಯೇ ಬಂದಿತ್ತು, ಹಂಡೆ. ನಮ್ಮ ಊರಿನಲ್ಲಿ ನೀರು ಕೆಡುವುದು ಯಾವಾಗಲೂ ಅಸಡ್ಡೆಯಿಂದಲ್ಲ, ಮರ್ಯಾದೆಯಿಂದಲೂ ಕೆಡುತ್ತದೆ ಎಂದು ಅವತ್ತು ನಕ್ಕು ಎಲ್ಲರಿಗೂ ಹೇಳಿದೆ. ನಗಬಾರದಿತ್ತು.

ಬಾಟಲಿ ತೊಳೆಯುವ ಪುಟ್ಟತಾಯಮ್ಮನ ಬಗ್ಗೆ ಹೇಳಲೇಬೇಕು. ಸೋಪು, ನಲ್ಲಿ ನೀರು, ಒಂದು ರಾತ್ರಿ ಆಸಿಡ್ಡಿನಲ್ಲಿ ನೆನೆ, ಆಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ. ಆಕೆ ತೊಳೆದ ಬಾಟಲಿಯಲ್ಲಿ ನಮ್ಮ ಯಂತ್ರಕ್ಕೆ ಯಾವತ್ತೂ ಏನೂ ಸಿಕ್ಕಿರಲಿಲ್ಲ. ತೊಳೆದು ಬಿಗಿದಿಟ್ಟ ಮೇಲೆ ಯಾರೂ ಮುಟ್ಟುವಂತಿಲ್ಲ. "ಮಡಿ ಬಾಟ್ಲು, ದೂರ ನಿಂತ್ಕೊಳ್ಳಿ" ಎನ್ನುವಳು. ನಮ್ಮ ಮುಖ್ಯಸ್ಥರಾದ ಅನಂತರಾಮಯ್ಯನವರಿಗೂ ಅದೇ ಮಾತು. ಅವರು ನಿಜಕ್ಕೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಒಂದು ವರ್ಷ ಆಯುಧಪೂಜೆಗೆ ಸ್ವಲ್ಪ ಮುಂಚೆ ಚಾಮರಾಜಪೇಟೆಯಿಂದ ದೂರು ಬಂತು. ಏಳೆಂಟು ಮನೆಗಳ ವಠಾರ, ನಡುವೆ ಬಾವಿ, ಗೋಡೆಯಾಚೆ ಗೋವಿಂದಣ್ಣ ಎಂಬವರ ಬ್ಯಾಟರಿ ರಿಪೇರಿ ಶೆಡ್ಡು. ಹಳೆಯ ಕಾರು ಬ್ಯಾಟರಿ ಬಿಚ್ಚಿ, ಸೀಸದ ಪ್ಲೇಟು ತೆಗೆದು, ಕರಗಿಸಿ, ಮತ್ತೆ ಕಟ್ಟುವ ಕೆಲಸ. ಬಾವಿ ನೀರು ಒಗರಾಗಿದೆ, ಶೆಡ್ಡು ಮುಚ್ಚಿಸಬೇಕು ಎಂದು ವಠಾರದವರು ಬರೆದಿದ್ದರು. ಪರೀಕ್ಷೆಯಲ್ಲಿ ಸೀಸ ಸಿಕ್ಕರೆ ಶೆಡ್ಡಿಗೆ ಬೀಗ ಬೀಳುವುದು ಖಂಡಿತ. ಇಪ್ಪತ್ತೆರಡು ವರ್ಷದ ಕಸುಬು ನನ್ನ ಒಂದು ಕಾಗದದ ಮೇಲೆ ನಿಂತಿತ್ತು. ವಿಜಯದಶಮಿಯ ಮರುದಿನ ಹೋಗುವುದೆಂದು ಗೊತ್ತಾಯಿತು.

ಆಯುಧಪೂಜೆ ನಮ್ಮಲ್ಲಿ ಜೋರು. ತಕ್ಕಡಿಗೆ ಸೇವಂತಿಗೆ, ಯಂತ್ರಕ್ಕೆ ಚೆಂಡುಹೂವಿನ ಮಾಲೆ, ಬಾಗಿಲಿಗೆ ಬೂದುಗುಂಬಳಕಾಯಿ. ಕುಂಕುಮವನ್ನು ಅನಂತರಾಮಯ್ಯನವರೇ ಚಿಕ್ಕಪೇಟೆಯ ಯಾವುದೋ ಅಂಗಡಿಯಿಂದ ತಂದಿದ್ದರು. "ಏನ್ ಬಣ್ಣ ನೋಡಿ! ಕೈಯಲ್ಲಿಟ್ಕೊಂಡ್ರೆ ತೂಕ ಗೊತ್ತಾಗತ್ತೆ" ಎಂದು ಅಂಗೈಯಲ್ಲಿ ತೂಗಿ ತೋರಿಸಿದರು. ನಾವೆಲ್ಲ ತಲೆದೂಗಿದೆವು. ಸೀಸದ ಪರೀಕ್ಷೆಯಲ್ಲಿ ಪಳಗಿದ ಏಳು ತಲೆಗಳು.

ಮೂರನೆಯ ದಿನ ಬೆಳಿಗ್ಗೆ ಆರು ಬಾಟಲಿಗಳ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋದೆ. ಹಬ್ಬ ಮುಗಿದ ಬೀದಿ ಬಾಡಿದ ಮಾವಿನೆಲೆಯ ವಾಸನೆಯಲ್ಲಿ ಇನ್ನೂ ಮಲಗಿತ್ತು. ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡಿದರೆ ಕೆಳಗೆ ತಟ್ಟೆಯಷ್ಟಗಲ ಆಕಾಶ, ಅದರ ಅಂಚಿನಲ್ಲಿ ನನ್ನ ತಲೆ. ಬಾಟಲಿ ಇಳಿದಂತೆ ಆಕಾಶ ನಡುಗಿತು, ಒಡೆಯಿತು, ಬಾಟಲಿ ಗುಳುಗುಳು ಎಂದು ತುಂಬಿಕೊಂಡಿತು, ಮತ್ತೆ ಆಕಾಶ ಕೂಡಿಕೊಂಡಿತು. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಅದೇ. ಅಷ್ಟು ಹೊತ್ತು ನಾನು ಏನನ್ನೂ ಚಿಂತಿಸುತ್ತಿರಲಿಲ್ಲ.

"ಏನ್ ಮೇಡಂ, ಬಾವೀಗೆ ರಕ್ತಪರೀಕ್ಷೆನಾ?"

ಗೋಡೆಯಾಚೆಯಿಂದ ಒಂದು ತಲೆ. ಖಾಕಿ ಅಂಗಿ, ಕಪ್ಪು ಉಗುರು, ಕಿವಿಯ ಮೇಲೆ ಪೆನ್ಸಿಲ್. ಅವರೇ ಗೋವಿಂದಣ್ಣ.

"ನೀವು ಈ ನೀರು ಕುಡೀತೀರಾ?" ಎಂದೆ.

"ಮತ್ತೆ? ನಾನೂ ಕುಡೀತೀನಿ, ನಮ್ಮ ಮನೆಯವಳೂ ಕುಡೀತಾಳೆ. ಸೀಸ ಇದ್ದಿದ್ರೆ ಇಷ್ಟ್ ಹೊತ್ತಿಗೆ ನಾನೇ ಬ್ಯಾಟ್ರಿ ಆಗ್ಬಿಡ್ತಿದ್ದೆ. ತಲೇಗೊಂದು ಬಲ್ಬ್ ಸಿಕ್ಕಿಸಿದ್ರೆ ಸಾಕು."

ನಗಲಿಲ್ಲ ನಾನು. ಪರೀಕ್ಷೆಗೆ ಬಂದವರು ನಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು.

ಬಾವಿಯಿಂದ ಮೂರು ಬಾಟಲಿ, ಮನೆಗಳ ನಲ್ಲಿಯಿಂದ ಎರಡು, ಶೆಡ್ಡಿನ ತೊಟ್ಟಿಯಿಂದ ಒಂದು. ಪ್ರತಿಯೊಂದಕ್ಕೂ ಆಸಿಡ್ ಹನಿ. ಪ್ರಯೋಗಾಲಯಕ್ಕೆ ತಂದು, ಮರುದಿನ ಯಂತ್ರಕ್ಕೆ ಊಡಿದಾಗ ಆರಕ್ಕೆ ಆರೂ ಬಾಟಲಿಯಲ್ಲಿ ಸೀಸ, ಮಿತಿಗಿಂತ ಎಷ್ಟೋ ಮೇಲೆ. ನಲ್ಲಿಯಲ್ಲೂ ಹೇಗೆ, ನಲ್ಲಿಯ ನೀರು ಬೇರೆ ಕಡೆಯಿಂದ ಬರುವುದಲ್ಲವೇ ಎಂದು ಕೇಳಿದೆ.

"ಹಳೇ ಪೈಪು. ಅದರ ಜಾಯಿಂಟಲ್ಲಿರತ್ತೆ" ಎಂದರು ಅನಂತರಾಮಯ್ಯ. "ಪಕ್ಕದಲ್ಲಿ ಬ್ಯಾಟ್ರಿ ಶೆಡ್ಡು ಇಟ್ಕೊಂಡು ಸೀಸ ಎಲ್ಲಿಂದ ಬಂತು ಅಂತ ಕೇಳ್ತೀರಲ್ಲಮ್ಮಾ. ಬರೀರಿ."

ಒಂದು ವಿಷಯ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಬಾಟಲಿಗಳ ತಳದಲ್ಲಿ ಧೂಳಿನಷ್ಟು ಸಣ್ಣ ಒಂದೆರಡು ಕಂದು ಚುಕ್ಕೆ. ಬಾವಿಯ ಮಣ್ಣಿರಬೇಕು ಎಂದುಕೊಂಡೆ. ನಲ್ಲಿಯ ಬಾಟಲಿಯಲ್ಲೂ ಇತ್ತು. ಪೈಪಿನ ತುಕ್ಕಿರಬೇಕು ಎಂದುಕೊಂಡೆ. ಎಲ್ಲಕ್ಕೂ ಹೆದರುವ ನಾನು ಹೆದರಬೇಕಾದ ಕಡೆ ಸಮಾಧಾನ ಹೇಳಿಕೊಂಡು ಸಹಿ ಮಾಡಿದೆ.

ವರದಿ ಹೋಯಿತು. ಶೆಡ್ಡಿಗೆ ನೋಟಿಸು ಬಂತು, ಹದಿನೈದು ದಿನದಲ್ಲಿ ಮುಚ್ಚಬೇಕೆಂದು. ಗೋವಿಂದಣ್ಣ ನೋಟಿಸನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಈ ಸಲ ತಮಾಷೆ ಇರಲಿಲ್ಲ.

"ಮೇಡಂ, ನಾನು ಓದಿದೋನಲ್ಲ. ಆದ್ರೆ ಸೀಸ ಏನು ಅಂತ ಕೈಗೆ ಗೊತ್ತು. ಚರಂಡೀಲಿ ಇದೆ ಅನ್ನಿ, ಒಪ್ಕೋತೀನಿ. ನೆಲದ ಮಣ್ಣಲ್ಲಿ ಇದೆ ಅನ್ನಿ, ಅದಕ್ಕೂ ಹೂಂ. ಬಾವೀಲಿ ಇಲ್ಲ. ಈ ವಯಸ್ಸಲ್ಲಿ ಇನ್ನೊಂದು ಕಸುಬು ಯಾರು ಕಲಿಸ್ತಾರೆ ನಂಗೆ?"

ಯಂತ್ರ ಹೇಳಿದೆ ಎಂದೆ. "ನಿಮ್ ಯಂತ್ರಕ್ಕೆ ನೀವು ಹೇಳಿದ್ದು ತಾನೇ ಅದು ಹೇಳೋದು" ಎಂದು ಎದ್ದು ಹೋದರು.

ಆಮೇಲೆ ಒಂದು ವಾರ ನನಗೆ ಕಂದು ಚುಕ್ಕೆಗಳ ಕನಸು. ಬಾವಿಯ ತಳದ ಆಕಾಶದಲ್ಲಿ ನಕ್ಷತ್ರಗಳ ಜಾಗದಲ್ಲಿ ಕಂದು ಚುಕ್ಕೆಗಳು. ನಾನು ಹಗ್ಗ ಇಳಿಬಿಟ್ಟು ಒಂದೊಂದನ್ನೇ ಎತ್ತುತ್ತಿದ್ದೇನೆ, ಎತ್ತಿದ್ದೆಲ್ಲ ಜಾರಿ ಮತ್ತೆ ಬೀಳುತ್ತಿದೆ. ಕೊನೆಗೆ ಒಂದು ಬೆಳಿಗ್ಗೆ, ಉಳಿದ ನೀರಿದ್ದ ಅವೇ ಬಾಟಲಿಗಳನ್ನು ಅದೇ ಪೆಟ್ಟಿಗೆಯಲ್ಲಿಟ್ಟು ನೇರವಾಗಿ ಗೋವಿಂದಣ್ಣನವರ ಶೆಡ್ಡಿಗೆ ಹೋದೆ. ತಪ್ಪಿತಸ್ಥನನ್ನೇ ಸಾಕ್ಷಿ ಕೇಳಲು ಹೋದ ಅಧಿಕಾರಿ ನಾನೊಬ್ಬಳೇ ಇರಬೇಕು.

"ಈ ಕಂದು ಏನು, ಗೊತ್ತಾಗತ್ತಾ ನಿಮಗೆ?"

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. "ಇದು ಚಾರ್ಜ್ ಆದ ಪ್ಲೇಟಿನ ಬಣ್ಣ. ರೆಡ್ ಲೆಡ್ಡು, ಅಂದ್ರೆ ಸೀಸದ ಕೆಂಪುಪುಡಿ, ಆಸಿಡ್ಡಿಗೆ ಬಿದ್ರೆ ಹಿಂಗೇ ಕಂದಾಗತ್ತೆ. ನೀವು ಬಾಟ್ಲೀಗೆ ಆಸಿಡ್ ಹಾಕ್ತೀರಾ?"

"ಹೂಂ."

"ಹಂಗಾದ್ರೆ ಬಾವೀಲಿ ಅಲ್ಲ, ಬಾಟ್ಲೀ ಒಳಗೇ ಕಂದಾಗಿರೋದು ಇದು." ಮುಚ್ಚಳ ಬಿಚ್ಚಿದರು. ಮುಚ್ಚಳದ ಒಳಸುತ್ತಿನ ಗೀರುಗಳಲ್ಲಿ ಕಪ್ಪು ಉಗುರು ಆಡಿಸಿ ಹೊರತೆಗೆದರು. ಉಗುರಿನ ತುದಿ ಕೆಂಪಾಗಿತ್ತು. "ಇದೇನು?"

"ಕುಂಕುಮ" ಎಂದೆ. "ಆಯುಧಪೂಜೆ ಮಾಡಿದ್ವಿ."

"ಬಾಟ್ಲೀಗೂ ಪೂಜೆನಾ?"

ನಾನು ಉಳಿದ ಮುಚ್ಚಳಗಳನ್ನು ಒಂದೊಂದಾಗಿ ಬಿಚ್ಚಿ ನೋಡತೊಡಗಿದೆ. ಅವರ ಕಣ್ಣು ಪೆಟ್ಟಿಗೆಯ ಮೂಲೆಗೆ ಹೋಯಿತು. ಅಲ್ಲಿ ಕಾಗದದ ಸಣ್ಣ ಪೊಟ್ಟಣ ಮುದುರಿಕೊಂಡು ಕೂತಿತ್ತು. ಬಿಡಿಸಿ, ಉಳಿದಿದ್ದ ಪುಡಿಯನ್ನು ಅಂಗೈಗೆ ಹಾಕಿ ತೂಗಿದರು, ಥೇಟ್ ಅನಂತರಾಮಯ್ಯನವರ ಹಾಗೆ. ಆದರೆ ತಲೆದೂಗಲಿಲ್ಲ.

"ಕುಂಕುಮ ಇಷ್ಟು ತೂಗಲ್ಲ ಮೇಡಂ. ನೋಡಿ ಇಲ್ಲಿ."

ಒಲೆಯಿಂದ ಒಂದು ಇದ್ದಿಲು ತೆಗೆದು, ಮೊಳೆಯಿಂದ ಗುಳಿ ಕೊರೆದು, ಪುಡಿಯನ್ನು ಅದರೊಳಗೆ ಹಾಕಿ, ಬ್ಲೋಲ್ಯಾಂಪ್ ಹಚ್ಚಿದರು. ನೀಲಿ ಜ್ವಾಲೆ ಸುಯ್ಯೆಂದು ಬಗ್ಗಿತು. ನಮ್ಮ ಯಂತ್ರದ ಜ್ವಾಲೆಯದೇ ಬಣ್ಣ. ಕೆಂಪು ಕಪ್ಪಾಯಿತು, ಹಳದಿಯ ಒಂದು ಉಂಗುರ ಬಿಚ್ಚಿಕೊಂಡಿತು, ಅದರ ನಡುವೆ ಸಾಸಿವೆಗಿಂತ ಚಿಕ್ಕದೊಂದು ಮಣಿ ನಡುಗುತ್ತ, ಹೊಳೆಯುತ್ತ ಎದ್ದು ನಿಂತಿತು. ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಅಷ್ಟು ಸುಂದರವಾದದ್ದನ್ನು ಪ್ರಯೋಗಾಲಯದಲ್ಲಿ ನಾನು ಕಂಡಿರಲಿಲ್ಲ.

"ಸೀಸ" ಎಂದರು ಗೋವಿಂದಣ್ಣ ಮೆಲ್ಲಗೆ. "ಒಳ್ಳೇ ಕುಂಕುಮ ಆಗಿದ್ರೆ ಬರೀ ಬೂದಿ ಬರ್ತಿತ್ತು. ಸೀಸ ಸುಟ್ಟು ಮಾಡೋ ಕೆಂಪುಪುಡಿ ಬೆರೆಸಿದಾನೆ ಪುಣ್ಯಾತ್ಮ. ನನ್ನ ಶೆಡ್ ಮುಚ್ಚಿಸೋಕೆ ನಮ್ಮ ಮಾಲನ್ನೇ ತಂದಿದೀರಿ."

ಪ್ರಯೋಗಾಲಯಕ್ಕೆ ವಾಪಸು ಬಂದು ಅನಂತರಾಮಯ್ಯನವರ ಮುಂದೆ ನಿಂತೆ. ಮಣಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲು ಮುಚ್ಚಿದರು.

"ಕುಂಕುಮದಿಂದ ವರದಿ ಕೆಟ್ಟಿತು ಅಂತ ಸರ್ಕಾರಿ ಕಾಗದದಲ್ಲಿ ಬರೀತೀರಾ? ನಾಳೆ ಪೇಪರಲ್ಲಿ ಬರತ್ತೆ. ನಾಡಿದ್ದು ನಮ್ಮ ಬಾಗಿಲಲ್ಲಿ ಮೆರವಣಿಗೆ ಬರತ್ತೆ."

"ಬರೀದಿದ್ರೆ ಅವರ ಶೆಡ್ಡಿಗೆ ಬೀಗ ಬೀಳತ್ತೆ ಸಾರ್."

"ಹೇಗೂ ಬ್ಯಾಟ್ರಿ ಶೆಡ್ಡು ಊರೊಳಗೆ ಇರಬಾರ್ದು."

"ಅದು ಬೇರೆ ಕಾಗದ ಸಾರ್. ಇದು ಬಾವಿಯ ಕಾಗದ."

ಇಷ್ಟು ಉದ್ದದ ಎದುರುತ್ತರವನ್ನು ಜೀವಮಾನದಲ್ಲಿ ಕೊಟ್ಟಿರಲಿಲ್ಲ. ಅವರು ಮಣಿಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟರು. ಆಮೇಲೆ, "ಕುಂಕುಮ ತಂದೋನು ನಾನೇ ಅಲ್ವಾ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಹೋಗಿ, ಮತ್ತೆ ನೀರು ತನ್ನಿ. ಆದ್ರೆ ಮುಚ್ಚಳಕ್ಕೆ ಇಟ್ಟಿದ್ದು ಆ ಪುಟ್ಟತಾಯಮ್ಮನೇ ಇರಬೇಕು. ಅವಳಿಗೊಂದು ಮೆಮೊ ಕೊಡ್ಬೇಕಾಗತ್ತೆ."

ನಾನು ಮಾತಾಡದೆ ಹೊರಗೆ ಬಂದೆ. ನನ್ನ ವೃತ್ತಿಜೀವನದಲ್ಲಿ ನಾಚಿಕೆಪಡಬೇಕಾದದ್ದು ಆ ಕುಂಕುಮವಲ್ಲ, ಆಮೇಲಿನ ಕೆಲವು ದಿನಗಳ ಮೌನ.

ಈ ಸಲ ಹೊಸ ಬಾಟಲಿಗಳು. ಜೊತೆಗೆ ಇನ್ನೊಂದು ಏರ್ಪಾಟು ಮಾಡಿದೆ: ಭಟ್ಟಿ ಇಳಿಸಿದ ಶುದ್ಧ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಬಾವಿಯವರೆಗೆ ಒಯ್ದು, ಅಲ್ಲೇ ಮುಚ್ಚಳ ಬಿಚ್ಚಿ, ಆಸಿಡ್ ಹನಿ ಹಾಕಿ, ಬಿಗಿದು ವಾಪಸು ತಂದೆ. ದಾರಿಯುದ್ದಕ್ಕೂ ನಮ್ಮಿಂದ ಏನಾದರೂ ಸೇರಿದರೆ ಅದು ಹೇಳುತ್ತದೆ. ಹೊರದೇಶಗಳ ಪ್ರಯೋಗಾಲಯಗಳಲ್ಲಿ ಆಗಲೇ ಇದ್ದ ಪದ್ಧತಿ. ನಾವು ಓದಿದ್ದೆವು, ಮಾಡುತ್ತಿರಲಿಲ್ಲ. ಈಗ ಅದಿಲ್ಲದೆ ಯಾರೂ ಹೊರಡುವುದಿಲ್ಲ. ಹೊಸಬರೇ, ಖಾಲಿ ನೀರನ್ನು ಹೊತ್ತು ಊರು ಸುತ್ತಿಸುವ ಈ ಕೆಲಸ ನಿಮಗೆ ಹುಚ್ಚು ಅನ್ನಿಸಿದರೆ ಇದನ್ನು ನೆನೆಯಿರಿ. ನೀರನ್ನು ಅನುಮಾನಿಸುವ ಮುಂಚೆ ನಮ್ಮನ್ನು ಅನುಮಾನಿಸುವ ಬಾಟಲಿ ಅದು.

ಬಾವಿಯಲ್ಲಿ ಸೀಸ ಇರಲಿಲ್ಲ. ನಲ್ಲಿಯಲ್ಲೂ ಇರಲಿಲ್ಲ. ಒಗರಿಗೆ ಕಾರಣ ಬರೀ ಕಬ್ಬಿಣ. ಶೆಡ್ಡಿನ ಚರಂಡಿಯ ಮಣ್ಣಿನಲ್ಲಿ ಮಾತ್ರ ಸೀಸ ಬೇಕಾದಷ್ಟಿತ್ತು, ಗೋವಿಂದಣ್ಣ ಹೇಳಿದ್ದ ಹಾಗೇ. ಬಾವಿಯವರೆಗೆ ಅದು ಇನ್ನೂ ಹೋಗಿರಲಿಲ್ಲ, ಅಷ್ಟೆ. ಅದಕ್ಕೆ ಬೇರೆ ಕಾಗದ ಹೋಯಿತು. ಅವರು ನೆಲಕ್ಕೆ ಸಿಮೆಂಟು ಹಾಕಿಸಿ, ಆಸಿಡ್ ಹಿಡಿಯಲು ತೊಟ್ಟಿ ಕಟ್ಟಿಸಿ, ಮಣ್ಣನ್ನು ಕೆರೆಸಿ ತೆಗೆಸಿದರು. ಬೀಗ ಬೀಳಲಿಲ್ಲ.

ತಿದ್ದುಪಡಿ ಪತ್ರ ಬರೆಯುತ್ತಿದ್ದಾಗ ಪುಟ್ಟತಾಯಮ್ಮ ಬಂದು ಮೇಜಿನ ಪಕ್ಕ ನಿಂತಳು. ಮೆಮೊ ಸುದ್ದಿ ಅವಳಿಗೆ ಮುಟ್ಟಿತ್ತು.

"ಮಡಿ ಬಾಟ್ಲೀಗೆ ನಾನು ಕುಂಕುಮ ಇಡ್ತೀನಾ ಮೇಡಮ್ಮೋರೆ?"

"ಇಲ್ಲ."

"ಯಾರಿಟ್ರು ಅಂತ ನಂಗೊತ್ತು. ಆಮೇಲೆ ತೊಳೆಯೋವಾಗ ಎಲ್ಲಾ ಮುಚ್ಚಳದಲ್ಲೂ ನೋಡ್ದೆ, ಅವತ್ತು ಪೆಟ್ಟಿಗೆ ಯಾರ ಹತ್ರ ಇತ್ತು ಅಂತಾನೂ ಗೊತ್ತು. ಹೋಗ್ಲಿ, ನಾನೇ ಇಟ್ಟೆ ಅಂತ ಬರ್ಕೊಳ್ಳಿ. ನಿಮಗೆ ಸರ್ವೀಸ್ ರಿಪೋರ್ಟು ಕೆಡತ್ತೆ. ನಂಗೇನು, ಮುಂದಿನ ವರ್ಷ ಇವರು ಕಲೆಕ್ಟರ್ ಮಾಡ್ತಾರಾ?"

ಕಾರಣ ಎಂಬ ಸಾಲಿನಲ್ಲಿ ಅನಂತರಾಮಯ್ಯನವರು ಹೇಳಿ ಬರೆಸಿದ್ದು: ಬಾಟಲಿಗಳ ಹೊರಮಾಲಿನ್ಯ. ಅದರ ಕೆಳಗೆ ಕೈಬರಹದಲ್ಲಿ, ಅದು ಯಾರಿಂದ ಆಯಿತು ಎಂಬ ಇನ್ನೊಂದು ಸಾಲು ಸೇರಿಸಿ ಸಹಿ ಮಾಡಿದೆ. ನನ್ನ ಹೆಸರು ಮರೆತುಹೋಗಲಿಲ್ಲ.

ಬಾವಿಗೆ ಹೋಗುವ ಎರಡು ದಿನ ಮುಂಚೆ, ಆಯುಧಪೂಜೆಯ ಸಂಜೆ, ಎಲ್ಲರೂ ಹೊರಟ ಮೇಲೆ ಲಕೋಟೆಯ ಹಿಂಬದಿಯ ಪಟ್ಟಿಯನ್ನು ಇನ್ನೊಮ್ಮೆ ಓದಿದ್ದೆ. ಚೀಟಿ, ಆಸಿಡ್, ಹಗ್ಗ, ಆಟೋ, ಜ್ವಾಲೆ, ಚುಕ್ಕೆ. ಕಿಟಕಿಯಲ್ಲಿ ಮಳೆಮರ ಎಲೆ ಮಡಿಸಿಕೊಂಡು ಮಲಗುವ ಹೊತ್ತು. ಪೆಟ್ಟಿಗೆ ತೆರೆದೆ. ಇದರಲ್ಲಿ ಯಾವುದೂ ಆಗದಿರಲಿ ಎಂದು ಬೇಡಿಕೊಂಡು, ಆರೂ ಮುಚ್ಚಳಗಳ ಅಂಚಿಗೆ ಉಂಗುರದ ಬೆರಳಿನಿಂದ ಒಂದೊಂದು ಬೊಟ್ಟು ಕುಂಕುಮ ಇಟ್ಟೆ.